ಮನೆಗೆ ಹೊದಿಸಿದ ಹುಲ್ಲು

ಬಾಗಿಲು ತೆರೆದು ಹಿಡಿದು ಎಷ್ಟು ಕರೆದರೂ ನಾಯಿ ಒಳಗೆ ಬರಲಿಲ್ಲ. ಮೆಟ್ಟಿಲ ಕೆಳಗೆ, ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗಾಗಿದ್ದ ನೆಲದ ಮೇಲೆ ನಿಂತು, ಬಾಲವನ್ನು ಕಾಲ ಸಂದಿಗೆ ಸೇರಿಸಿಕೊಂಡು ಒಡೆಟ್‌ಳ ಮುಖವನ್ನೇ ನೋಡುತ್ತಿತ್ತು.

"ಬಾರೋ ಪತಾತ್. ಪಲ್ಲಕ್ಕಿ ಕಳಿಸ್ಬೇಕಾ ನಿಂಗೆ? ಮನೆ ಬಿಸಿಯೆಲ್ಲ ಹೊರಗೆ ಹೋಗ್ತಾ ಇದೆ."

ನಾಯಿ ಇನ್ನೊಂದು ಹೆಜ್ಜೆ ಹಿಂದಕ್ಕೆ ಸರಿಯಿತು.

ಅಲ್ಲಿಯವರ ಫ್ರೆಂಚಿನಲ್ಲಿ ಪತಾತ್ ಅಂದರೆ ಆಲೂಗಡ್ಡೆ. ಉತ್ತರದ ಗಡಿಯಂಚಿನ ಆ ಕಣಿವೆಯಲ್ಲಿ ಆಲೂಗಡ್ಡೆ ಬಿಟ್ಟರೆ ಬೇರೆ ಮಾತಿಲ್ಲವಾದ್ದರಿಂದ ಮಾವ ರೊಸೇರ್ ನಾಯಿಗೂ ಅದೇ ಹೆಸರಿಟ್ಟಿದ್ದರು. ನೆಲಮಾಳಿಗೆಯಲ್ಲಿ ಅವರ ಮಂಚದ ಕೆಳಗೇ ಅದು ಮಲಗುವುದು. ಬೆಳಗಿನ ಜಾವ ಮೇಲೆ ಹತ್ತಿ ಬಂದು ಬಾಗಿಲು ಕೆರೆದಾಗ ಒಡೆಟ್ ಎದ್ದು ಅದನ್ನು ಹೊರಗೆ ಬಿಟ್ಟು, ಗೋಡೆ ಹಿಡಿದುಕೊಂಡು ವಾಪಸು ಬಂದು ಮಲಗಿದ್ದಳು. ಆಗಲೇ ಅವಳ ತಲೆ ಸಿಡಿಯುತ್ತಿತ್ತು.

ಈಗಲೂ ಸಿಡಿಯುತ್ತಿತ್ತು. ಒಳಗೆ ಸೋಫಾದ ಮೇಲೆ ಐದು ವರ್ಷದ ಮಗಳು ಬ್ರಿಯೆಲ್ ಒಮ್ಮೆ ವಾಂತಿ ಮಾಡಿ ಮುದುಡಿ ಮಲಗಿದ್ದಳು. ರಾತ್ರಿ ತಿಂದ ಕೋಳಿಸಾರು ಕೆಟ್ಟಿತ್ತೋ, ಊರಲ್ಲೆಲ್ಲ ಹಬ್ಬಿದ್ದ ಜ್ವರ ಮನೆಗೂ ಬಂತೋ ತಿಳಿಯಲಿಲ್ಲ. ಗಂಡ ಗೇಲನ್ ಲಾರಿ ತುಂಬ ಆಲೂಗಡ್ಡೆ ಹೇರಿಕೊಂಡು ಬಾಸ್ಟನ್ನಿಗೆ ಹೋಗಿದ್ದವನು ಸಂಜೆಗೆ ಬರುವವನಿದ್ದ. ಮಾವನಾದರೂ ಎದ್ದು ಬಂದಿದ್ದರೆ ಮಗುವನ್ನು ನೋಡಿಕೊಳ್ಳುತ್ತಿದ್ದರು. ಭಾನುವಾರದ ಚರ್ಚಿನ ಪೂಜೆಗೆ ಊರಿಗಿಂತ ಮೊದಲು ಹೋಗಿ ಮುಂದಿನ ಬೆಂಚು ಹಿಡಿಯುವ ಮನುಷ್ಯ. ಇವತ್ತು ಇನ್ನೂ ಕಾಫಿಗೂ ಬಂದಿರಲಿಲ್ಲ.

ಮುನಿಸಿರಬೇಕು ಎಂದುಕೊಂಡಳು. ಮುನಿಸೇನೂ ಹೊಸದಲ್ಲ.

ಬೇಸಿಗೆಯಲ್ಲಿ ಮನೆ ಕಾಯಿಸುವ ಹಳೆಯ ಎಣ್ಣೆ ಒಲೆಯನ್ನು ಕಿತ್ತು ನೆಲಮಾಳಿಗೆಯಲ್ಲಿ ಹೊಸ ಗ್ಯಾಸಿನ ಯಂತ್ರ ಹಾಕಿಸಿದ್ದು ಒಡೆಟ್‌ಳ ಹಟದಿಂದ. ಸೆಕೆಗಾಲದಲ್ಲಿ ತಂಪು, ಚಳಿಗಾಲದಲ್ಲಿ ಬಿಸಿ, ಎರಡೂ ಒಂದರಲ್ಲೇ. ಚಿಮಣಿಯ ಕೆಲಸವೇ ಇಲ್ಲ. ಹೊಗೆ ಹೋಗಲು ಗೋಡೆಯಿಂದ ಮೊಣಕಾಲೆತ್ತರದಲ್ಲಿ ಒಂದು ಬಿಳಿ ಪೈಪು, ಗಾಳಿ ಎಳೆದುಕೊಳ್ಳಲು ಅದರ ಪಕ್ಕದಲ್ಲೇ ಇನ್ನೊಂದು. ಕೂರಿಸಲು ಬಂದವನು ಹೋಗುವ ಮುಂಚೆ ಪೈಪಿನ ಮೇಲೆ ಕೈಯಿಟ್ಟು ಹೇಳಿದ್ದ: "ಒಂದು ಮಾತ್ರ ನೆನಪಿರ್ಲಿ. ಇದಕ್ಕೆ ಹಿಮ ಮುಚ್ಕೋಬಾರ್ದು."

ರೊಸೇರ್ ದೂರದಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಅವನ ಗಾಡಿ ತಿರುವು ದಾಟಿದ ಮೇಲೆ ಬಾಯಿ ಬಿಟ್ಟರು. "ಚಿಮಣಿ ಇಲ್ದೆ ಇದೆಂಥ ಒಲೆನಮ್ಮ? ಎಲ್ಲಿಂದ ಉಸಿರಾಡತ್ತೆ, ಕಿವಿಯಿಂದಲಾ?" ಅಂದಿನಿಂದ ಅದಕ್ಕೆ ಫ್ರಿಜ್ ಎಂದೇ ಹೆಸರು. ಅವಳೂ ಸುಮ್ಮನಿರುವ ಜಾತಿಯಲ್ಲ. ಎಣ್ಣೆಯ ನಾತ ಕುಡಿದೂ ಕುಡಿದೂ ನಿಮಗೆ ಒಳ್ಳೆ ಗಾಳಿ ಸೇರಲ್ಲ ಅಂದುಬಿಟ್ಟಿದ್ದಳು. ಆಮೇಲೆ ಎಷ್ಟೋ ದಿನ ಇಬ್ಬರ ನಡುವಿನ ಮಾತೆಲ್ಲ ಬ್ರಿಯೆಲ್‌ಳ ಬಾಯಿಂದಲೇ ನಡೆಯಿತು.

ಮೊನ್ನೆ ಅವರೇ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. "ಹುಲ್ಲಾದ್ರೂ ಇಡ್ಲಾ, ಅದೂ ಹಳೇ ಕಾಲದ್ದಾಯ್ತಾ?"

ಆ ಕಣಿವೆಯಲ್ಲಿ ಹಿಮ ಬೀಳುವ ಮುಂಚೆ ಚಳಿ ನುಗ್ಗದಂತೆ ಮನೆಯ ಬುಡದ ಸುತ್ತ ಹುಲ್ಲಿನ ಪೆಂಡಿ ಒತ್ತಿ, ಮೇಲೆ ಫರ್ ಮರದ ರೆಂಬೆ ಹೊದಿಸದವನು ಮನೆ ಮಾಡಿಕೊಂಡವನೇ ಅಲ್ಲ. ಜಗಳ ಮುಗಿಯಲಿ ಎಂದು ಒಡೆಟ್, "ಇಡಿ ಪೆಪೇರ್, ನೀವಿಡದೆ ಇನ್ಯಾರು ಇಡ್ತಾರೆ?" ಅಂದಿದ್ದಳು. ಮೊಮ್ಮಗಳು ಕರೆಯುವ ಹಾಗೆ ಅಜ್ಜನನ್ನು ಮನೆಮಂದಿಯೆಲ್ಲ ಪೆಪೇರ್ ಎಂದೇ ಕರೆಯುತ್ತಿದ್ದರು. ಆ ಒಂದು ಮಾತಿಗೆ ಮುದಿಜೀವ ಅರಳಿಹೋಯಿತು. ಶನಿವಾರ ಇಡೀ ಒಬ್ಬರೇ ಪೆಂಡಿ ಹೊತ್ತರು. ನೆಲಮಾಳಿಗೆಗೆ ಹೊರಗಿನಿಂದ ಇಳಿಯುವ ಓರೆ ಬಾಗಿಲಿನ ಮೇಲೂ ಎಂದಿನ ಹಾಗೆ ಪೇರಿಸಿದರು. ಒಡೆಟ್ ಹೊರಗೆ ಹೋಗಿ ನೋಡಲಿಲ್ಲ. ಸಂಜೆ ಚಳಿ ಬಿಗಿಯಿತು, ಯಂತ್ರವನ್ನು ಮೊದಲ ಸಲ ಬಿಸಿಗೆ ತಿರುಗಿಸಿದಳು. ಊಟಕ್ಕೆ ಬಂದ ಮಾವ ಕೈ ಉಜ್ಜಿಕೊಂಡು, "ಪರ್ವಾಗಿಲ್ಲ ನಿನ್ನ ಫ್ರಿಜ್ಜು," ಅಂದಿದ್ದರು.

ನಾಯಿಯನ್ನು ಎತ್ತಿಕೊಂಡಾದರೂ ಬರೋಣವೆಂದು ಒಡೆಟ್ ಕೋಟು ಹೊದ್ದು ಅಂಗಳಕ್ಕಿಳಿದಳು. ಅದು ಕೈಗೆ ಸಿಗದೆ ಮನೆಯ ಪಕ್ಕಕ್ಕೆ ಓಡಿತು. ಹಿಂದೆ ಹೋಗುತ್ತಿದ್ದಂತೆ ಒಂದು ವಿಚಿತ್ರ ಗಮನಕ್ಕೆ ಬಂತು. ತಲೆನೋವು ಇಳಿಯುತ್ತಿತ್ತು. ನಾಲ್ಕು ಸಲ ಉಸಿರೆಳೆದುಕೊಂಡದ್ದೇ ತಡ, ಕಣ್ಣ ಮುಂದಿನ ಮಬ್ಬು ಸರಿಯಿತು. ಇದೆಂಥ ಜ್ವರ?

ರಸ್ತೆಯಾಚೆ ನೆರೆಯ ನಡೋ ಕುಟುಂಬದ ಮನೆಯ ಗೋಡೆಯಿಂದ ಬೆಳ್ಳನೆಯ ಹಬೆ ಬುಸುಬುಸು ಹೊರಟು ಚಳಿಗೆ ಕರಗುತ್ತಿತ್ತು. ಅಂಥದೇ ಯಂತ್ರ, ಅಂಥದೇ ಪೈಪು. ಒಡೆಟ್ ತನ್ನ ಮನೆಯ ಗೋಡೆಯತ್ತ ತಿರುಗಿದಳು. ಅಲ್ಲಿ ಪೈಪೇ ಕಾಣಲಿಲ್ಲ. ಹುಲ್ಲಿನ ಪೆಂಡಿಗಳು ಸೊಂಟದೆತ್ತರಕ್ಕೆ ಒತ್ತಾಗಿ ನಿಂತಿದ್ದವು. ಅವುಗಳ ಸಂದುಗಳಿಂದ, ಬೆಳಗಿನ ತಿಪ್ಪೆಯ ಹಾಗೆ, ತೆಳ್ಳಗೆ ಹಬೆಯಾಡುತ್ತಿತ್ತು.

ಬೆಂಕಿ ಬಿತ್ತೆಂದುಕೊಂಡಳು. ಕೈಯಿಟ್ಟು ನೋಡಿದಳು. ಬೆಂಕಿಯಲ್ಲ. ಬೆಚ್ಚಗೆ, ಒದ್ದೆ. ಎಲ್ಲಿಂದ ಉಸಿರಾಡತ್ತೆ ಎಂದು ಮಾವ ಕೇಳಿದ್ದು ನೆನಪಾಯಿತು. ರಾತ್ರಿಯಿಡೀ ಯಂತ್ರ ತಾನು ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತಿತ್ತು, ಮಿಕ್ಕಿದ್ದು ಗೋಡೆಯ ಬುಡದ ಬಿರುಕುಗಳಿಂದ ಮನೆಯೊಳಕ್ಕೆ ಹೋಗುತ್ತಿತ್ತು. ಬಣ್ಣವಿಲ್ಲದ, ವಾಸನೆಯಿಲ್ಲದ ಆ ವಿಷವನ್ನು ಅವಳ ಮಗಳು ಈಗಲೂ ಉಸಿರಾಡುತ್ತಿದ್ದಳು.

ಓಡಿದ್ದು ಅವಳಿಗೆ ಗೊತ್ತಿಲ್ಲ. ಮೆಟ್ಟಿಲಲ್ಲಿ ಜಾರಿ ಮೊಣಕಾಲು ಒಡೆದುಕೊಂಡದ್ದೂ ಗೊತ್ತಿಲ್ಲ. ಬ್ರಿಯೆಲ್‌ಳ ಕೆನ್ನೆ ಆಟವಾಡಿ ಬಂದ ಮಗುವಿನ ಕೆನ್ನೆಯಂತೆ ಕೆಂಪಗಿತ್ತು; ವಿಷಗಾಳಿ ಏರಿಸಿದ ಕೆಂಪು, ಅದೇ ಅವಳಿಗೆ ಹೆದರಿಕೆ ಹುಟ್ಟಿಸಿತು. ಎತ್ತಿಕೊಂಡರೆ ಕತ್ತು ಹಿಂದಕ್ಕೆ ವಾಲಿತು. "ಬ್ರಿ, ಬ್ರಿ, ಕಣ್ಣು ಬಿಡೇ, ನನ್ನ ಬಂಗಾರ, ಕಣ್ಣು ಬಿಡೇ." ನೆಲಮಾಳಿಗೆಯ ಬಾಗಿಲ ಪಕ್ಕದ ಕೆಂಪು ಸ್ವಿಚ್ಚನ್ನು ಅಂಗೈಯಿಂದ ಬಡಿದು ಯಂತ್ರ ನಿಲ್ಲಿಸಿದಳು. ಮೇಜಿನ ಮೇಲಿಂದ ಫೋನು ಬಾಚಿಕೊಳ್ಳುವಾಗ, ವಿಷಗಾಳಿ ಬಂದರೆ ಕೂಗಿಕೊಳ್ಳಬೇಕಾದ ಬಿಳಿ ಡಬ್ಬಿ ಕಣ್ಣಿಗೆ ಬಿತ್ತು. ಅದು ಅಂಗಾತ ಬಿದ್ದಿತ್ತು. ನಿನ್ನೆ ಕೋಳಿಸಾರಿನ ಕರೆಂಟ್ ಕುಕ್ಕರಿಗೆ ಪ್ಲಗ್ಗು ಬೇಕೆಂದು ಅದನ್ನು ಗೋಡೆಯ ಸಾಕೆಟ್ಟಿನಿಂದ ಕಿತ್ತಿಟ್ಟವಳು ಅವಳೇ.

ಮಗುವನ್ನು ಹೊರಗೆ ನಿಂತಿದ್ದ ಗಾಡಿಯ ಸೀಟಿನ ಮೇಲೆ ಕೂರಿಸಿ, ಕಿಟಕಿ ಇಳಿಸಿ, ಕೋಟು ಬಿಚ್ಚಿ ಹೊದಿಸಿದಳು. ತಣ್ಣನೆಯ ಗಾಳಿ ತಾಗಿ ಬ್ರಿಯೆಲ್ ಒಮ್ಮೆ ಕೆಮ್ಮಿದಳು, ಆಮೇಲೆ ಅಳತೊಡಗಿದಳು. ಜನ್ಮದಲ್ಲಿ ಒಡೆಟ್‌ಗೆ ಯಾವ ಹಾಡೂ ಅಷ್ಟು ಇಂಪಾಗಿ ಕೇಳಿಸಿರಲಿಲ್ಲ.

ತುರ್ತು ಸಹಾಯದ ನಂಬರು ಒತ್ತಿದಳು; ಫೋನಿನಲ್ಲಿ ಒಬ್ಬ ಹೆಂಗಸಿನ ದನಿ ನಿಧಾನವಾಗಿ ಹೇಳುತ್ತಿತ್ತು. "ಜನ ಹೊರಟಿದ್ದಾರೆ. ನೀವು ಹೊರಗೇ ಇರಿ. ಏನೇ ಆದ್ರೂ ಒಳಗೆ ಹೋಗ್ಬೇಡಿ."

"ಮಾವ ಇದ್ದಾರೆ, ನೆಲಮಾಳಿಗೇಲಿ ಇದ್ದಾರೆ."

"ಅಮ್ಮಾ, ಹೋಗ್ಬೇಡ. ಅಮ್ಮಾ!" ಬ್ರಿಯೆಲ್ ಅವಳ ತೋಳು ಹಿಡಿದುಕೊಂಡಳು. ಒಂದೊಂದೇ ಬೆರಳನ್ನು ಬಿಡಿಸಬೇಕಾಯಿತು. ಒಳಗೆ ಹೋಗಿ ತಾನೂ ಬಿದ್ದರೆ ಈ ಮಗು ಒಂಟಿಯಾಗಿ ಇಲ್ಲಿ ಅಳುತ್ತಿರುತ್ತದೆ. ಹೋಗದಿದ್ದರೆ? ಒಳಗೆ ಗಾಳಿಯೂ ನುಗ್ಗಲೆಂದು ಒಡೆಟ್ ಹೊರಗಿನ ಓರೆ ಬಾಗಿಲಿನತ್ತ ಓಡಿದಳು.

ಅದರ ಮೇಲೂ ಹುಲ್ಲು. ಮಾವ ಅರೆಮನಸ್ಸಿನ ಕೆಲಸ ಮಾಡಿದವರಲ್ಲ. ಪೆಂಡಿಯ ದಾರಕ್ಕೆ ಬೆರಳು ಸಿಕ್ಕಿಸಿ ಎಳೆದಳು, ಉಗುರು ಕಿತ್ತುಬಂತು. "ಇಷ್ಟು ಬಿಗಿಯಾಗಿ ಯಾಕಿಡ್ಬೇಕಿತ್ತು, ಯಾಕಿಡ್ಬೇಕಿತ್ತು," ಎಂದು ಹಲ್ಲು ಕಚ್ಚಿ ಬೈಯುತ್ತಲೇ ಒಂದೊಂದನ್ನೂ ಉರುಳಿಸಿದಳು. ಕೊನೆಗೆ ಬಾಗಿಲಿನ ಎರಡೂ ರೆಕ್ಕೆ ತೆರೆದು ಹಿಂದಕ್ಕೆ ಬಿದ್ದವು. ಬೆಚ್ಚನೆಯ ಗಾಳಿ ಮುಖಕ್ಕೆ ಬಡಿಯಿತು. ಒಂದು ಉಸಿರು ತುಂಬಿಕೊಂಡು ಇಳಿದಳು.

ರೊಸೇರ್ ಮಂಚದ ಪಕ್ಕ ನೆಲದ ಮೇಲೆ ಬಿದ್ದಿದ್ದರು. ಪೂಜೆಗೆ ಹೋಗುವ ಬಿಳಿ ಅಂಗಿ ತೊಟ್ಟಾಗಿತ್ತು. ಒಂದು ಕಾಲಿಗೆ ಬೂಟು ಹಾಕಿದ್ದರು, ಇನ್ನೊಂದು ಬೂಟು ಕೈಯಲ್ಲೇ ಇತ್ತು.

ಕಂಬಳಿಯನ್ನು ಅವರ ಕಂಕುಳ ಕೆಳಗೆ ತೂರಿಸಿ ಎಳೆದಳು. ಇಷ್ಟು ಸಣಕಲು ಮನುಷ್ಯ ಇಷ್ಟು ಭಾರವಿರಲು ಹೇಗೆ ಸಾಧ್ಯ? ಉಸಿರು ಹಿಡಿಯಲಾಗಲಿಲ್ಲ, ಮೆಟ್ಟಿಲ ಬುಡ ಮುಟ್ಟುವಷ್ಟರಲ್ಲಿ ಕಿವಿಯಲ್ಲಿ ಗುಂಯ್‌ಗುಟ್ಟತೊಡಗಿತು. "ಏಳಿ ಪೆಪೇರ್. ಏಳಿ ಅಂದ್ರೆ. ನೀವ್ ಹೋದ್ರೆ ನಾನ್ಯಾರ ಹತ್ರ ಜಗಳ ಆಡ್ಲಿ?" ಅವರು ಏಳಲಿಲ್ಲ. ಮೆಟ್ಟಿಲ ಮೇಲೆ ಕೂತು, ಅವರನ್ನು ಮಡಿಲಿಗೆ ಎಳೆದುಕೊಂಡು, ಒಂದು ಮೆಟ್ಟಿಲು ಹತ್ತಿದಳು. ಇನ್ನೊಂದು. ಮೂರನೆಯದಕ್ಕೆ ಶಕ್ತಿ ಮುಗಿಯಿತು. ನಾವಿಬ್ಬರೂ ಇಲ್ಲೇ, ಎಂದು ಅವಳಿಗೆ ಸ್ಪಷ್ಟವಾಗಿ ಅನ್ನಿಸಿತು.

ಮೇಲಿನಿಂದ ಎರಡು ಕೈ ಬಂದು ಅವಳ ಭುಜ ಹಿಡಿದವು. ಎದುರು ಮನೆಯ ಕರ್ಟಿಸ್ ನಡೋ. ಊರಿನ ಬೆಂಕಿ ಆರಿಸುವ ಪಡೆಯ ಹುಡುಗ, ರಾತ್ರಿಯ ಪೈಜಾಮದ ಮೇಲೇ ಹಳದಿ ಕೋಟು ಹಾಕಿಕೊಂಡು ಓಡಿ ಬಂದಿದ್ದ.

ಆಮೇಲೆ ಗಾಡಿಗಳು ಬಂದವು, ಜನ ಬಂದರು. ಅಂಗಳದಲ್ಲಿ ಸ್ಟ್ರೆಚರಿನ ಮೇಲೆ ರೊಸೇರ್ ಅವರ ಮುಖಕ್ಕೆ ಆಮ್ಲಜನಕದ ಮುಖವಾಡ ಕಟ್ಟಿದರು. ಎದೆ ಏರಿಳಿಯುತ್ತಿತ್ತು. ನೋಡಿಕೊಳ್ಳುತ್ತಿದ್ದ ಆಂಬುಲೆನ್ಸಿನ ಹೆಂಗಸು ಯಾವ ಭರವಸೆಯನ್ನೂ ಕೊಡಲಿಲ್ಲ. ಆಸ್ಪತ್ರೆಯಲ್ಲಿ ಗೊತ್ತಾಗುತ್ತೆ, ಮಗುವನ್ನೂ ನಿಮ್ಮನ್ನೂ ನೋಡಬೇಕು, ಅಂದಳಷ್ಟೆ. ಬ್ರಿಯೆಲ್‌ಳನ್ನು ಅವುಚಿಕೊಂಡು ಒಡೆಟ್ ಪಕ್ಕದಲ್ಲೇ ನಿಂತಳು. ಸ್ವಲ್ಪ ಹೊತ್ತಿಗೆ ಮಾವ ಕಣ್ಣು ಬಿಟ್ಟರು. ಆಕಾಶ ನೋಡಿದರು, ಮೊಮ್ಮಗಳನ್ನು ನೋಡಿದರು.

ಕರ್ಟಿಸ್ ಮನೆಯ ಪಕ್ಕದಲ್ಲಿ ಪೆಂಡಿ ಎಳೆದು ಹಾಕುತ್ತಿದ್ದ. ಮುಂದಿನ ಸಾಲು ಬಿದ್ದಾಗ ಒಳಗಿದ್ದದ್ದು ಎಲ್ಲರಿಗೂ ಕಂಡಿತು. ಪೈಪಿನ ಮೂರೂ ಕಡೆ ಅಳತೆ ಹಿಡಿದು ಕತ್ತರಿಸಿದ ಪೆಂಡಿಗಳು. ಮೇಲೆ ಹಲಗೆಯ ಸೂರು. ಸೂರಿನ ಮೇಲೆ ಫರ್ ರೆಂಬೆಗಳನ್ನು ಒಂದರೊಳಗೊಂದು ಹೆಣೆದು, ಗಾಳಿಗೆ ಹಾರದಂತೆ ದಾರ ಬಿಗಿದಿತ್ತು. ಮನೆಯ ಬೇರೆ ಯಾವ ಮೂಲೆಯಲ್ಲೂ ಅಷ್ಟು ಆಸ್ಥೆಯ ಕೆಲಸವಿರಲಿಲ್ಲ. ಇಡೀ ಚಳಿಗಾಲ ಒಂದು ಚೂರು ಹಿಮವೂ ಅಲ್ಲಿಗೆ ಇಳಿಯುವಂತಿರಲಿಲ್ಲ.

"ಏನಪ್ಪ ಇದು ಮಾಡಿರೋದು?" ಕರ್ಟಿಸ್ ಕೂಗಿದ. "ಉಸಿರಾಡೋ ಪೈಪಿಗೇ ಗೂಡು ಕಟ್ಟಿದ್ದಾರಲ್ರೀ! ತಲೆ ನೆಟ್ಟಗಿರೋರು ಮಾಡೋ ಕೆಲ್ಸನಾ?"

ರೊಸೇರ್ ಅವರ ಕಣ್ಣು ಆ ಕಡೆ ತಿರುಗಿತು. ಹುಲ್ಲನ್ನು ನೋಡಿತು. ಮತ್ತೆ ಮಗುವನ್ನು ನೋಡಿತು. ಮುಖವಾಡದೊಳಗೆ ಅವರ ತುಟಿ ಅಲುಗಿ, ಪ್ಲಾಸ್ಟಿಕ್ಕು ಮಂಜಾಯಿತು.

"ನಾನೇ," ಅಂದಳು ಒಡೆಟ್. ದನಿ ಅವಳಿಗೇ ದೊಡ್ಡದೆನಿಸಿತು. "ನಾನೇ ಇಟ್ಟಿದ್ದು. ಹಿಮ ಬೀಳಬಾರ್ದು ಅಂತ."

"ನೀವಾ? ನಿನ್ನೆ ಇಡೀ ದಿನ ನಮ್ಮ ಕಿಟಕಿಯಿಂದ..." ಕರ್ಟಿಸ್ ಅಷ್ಟಕ್ಕೇ ನಿಲ್ಲಿಸಿದ. ಅವಳ ಮುಖ ನೋಡಿದ, ಸ್ಟ್ರೆಚರನ್ನು ನೋಡಿದ. ಆಮೇಲೆ ಬಗ್ಗಿ ಇನ್ನೊಂದು ಪೆಂಡಿಗೆ ಕೈಹಾಕಿದ.

ಕಂಬಳಿಯ ಹೊರಗಿದ್ದ ಮಾವನ ಕೈಯಲ್ಲಿ, ಅಂಗೈ ತುಂಬ, ಫರ್ ಮರದ ಅಂಟು ಕಪ್ಪಗೆ ಮೆತ್ತಿಕೊಂಡಿತ್ತು. ಸೋಪಿಗೆ ಬಿಡುವ ಅಂಟಲ್ಲ ಅದು. ಅವರು ಮುಷ್ಟಿ ಕಟ್ಟಲು ನೋಡಿದರು, ಬೆರಳಿಗೆ ಬಲ ಸಾಲಲಿಲ್ಲ. ಒಡೆಟ್ ಆ ಕೈಯನ್ನು ತನ್ನ ಕೈಯೊಳಗೆ ಹಿಡಿದು ಕಂಬಳಿಯ ಕೆಳಗೆ ಸೇರಿಸಿದಳು.

ಸ್ಟ್ರೆಚರನ್ನು ಗಾಡಿಗೆ ಏರಿಸುವಾಗ ಕೈ ಬಿಡಿ ಎಂದರು. ಬಿಡಲು ಹೋದರೆ ಅಂಗೈಗೆ ಅಂಗೈ ಅಂಟಿಕೊಂಡಿತ್ತು.