ಹನ್ನೊಂದು ಲಿವರಿನ ಕ್ಯಾಬಿನ್

ವೇದವತಿ ಇದ್ದಷ್ಟು ಕಾಲ ನಮ್ಮ ಮುಂಬಾಗಿಲಿನ ಕಬ್ಬಿಣದ ಚಿಲಕ ಹೊಳೆಯುತ್ತಿತ್ತು. ಅವಳು ಅದನ್ನು ಬರಿಗೈಯಲ್ಲಿ ಮುಟ್ಟುತ್ತಿರಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ತೆಗೆಯುವಳು, ಹಾಗೆಯೇ ಹಾಕುವಳು. ಅವಳು ಹೋದ ಮೇಲೆ ಬಂದ ಮೊದಲ ಮಳೆಗಾಲದಲ್ಲೇ ಅದು ಕೆಂಪಗಾಯಿತು. ನೋಡಿದೆ, ಸುಮ್ಮನಿದ್ದೆ. ಆ ವರ್ಷ ಬಹಳ ಸಂಗತಿಗಳನ್ನು ನೋಡಿ ಸುಮ್ಮನಿದ್ದೆ.

ಅವಳು ಸೊಸೆಯಾಗಿ ಬಂದ ವಾರವೇ ನನ್ನ ತಾಯಿ ಈ ಅಭ್ಯಾಸವನ್ನು ಕಂಡು, "ನಮ್ಮ ಮನೆ ಮುಟ್ಟೋಕೆ ನಿನ್ನ ಹೆಂಡತಿಗೆ ಅಸಹ್ಯ ಕಣೋ," ಎಂದಿದ್ದರು. ತಾಯಿ ಆ ಮಾತನ್ನು ಮರೆತರು, ನಾನು ಮರೆಯಲಿಲ್ಲ. ಒಂದೇ ಒಂದು ಸಲ ಅವಳನ್ನು ಕೇಳಿದೆ, ಅದೂ ಕೊಂಕಾಗಿ: "ನಮ್ಮ ಮನೆ ಕಬ್ಬಿಣಕ್ಕೂ ಮೈಲಿಗೆಯೇನೇ?" ಅವಳು ನಕ್ಕು, "ಕೈಯಲ್ಲಿ ಉಪ್ಪಿರತ್ತಲ್ರೀ," ಎಂದು ಒಳಗೆ ಹೋದಳು. ಅದು ಉತ್ತರವೆಂದು ನನಗೆ ತೋರಲಿಲ್ಲ. ಮುಳ್ಳಿನ ಮೊನೆಯಷ್ಟು ಒಂದು ಅನುಮಾನ ನಲವತ್ತೊಂದು ವರ್ಷ ನನ್ನೊಳಗೆ ಉಳಿಯಿತು.

ಅವಳ ತಂದೆ ಶೇಷಯ್ಯನವರು ರೈಲ್ವೆ ಸಿಗ್ನಲ್ ಕ್ಯಾಬಿನ್ನಿನಲ್ಲಿ ಕೆಲಸಕ್ಕಿದ್ದವರು. ಊರಾಚೆ ಹಳಿಗಳು ಕವಲೊಡೆಯುವಲ್ಲಿ ಮರದ ಒಂದು ಮಹಡಿ. ಅದರೊಳಗೆ ಸಾಲಾಗಿ ಹನ್ನೊಂದು ಲಿವರುಗಳು, ಎದೆಯೆತ್ತರದ ಉಕ್ಕಿನ ಸನ್ನೆಕೋಲುಗಳು. ಒಂದನ್ನು ಎಳೆದರೆ ದೂರದಲ್ಲಿ ಸಿಗ್ನಲಿನ ಕೈಮರ ಬಾಗುವುದು, ಇನ್ನೊಂದನ್ನು ಎಳೆದರೆ ಹಳಿ ಸರಿಯುವುದು. ನಾನು ಅದನ್ನು ಕಂಡದ್ದು ಅವರು ತೀರಿಕೊಂಡು, ಕ್ಯಾಬಿನ್ ಮುಚ್ಚಿ, ಕೆಡವುತ್ತಾರೆಂಬ ಸುದ್ದಿ ಬಂದಾಗ. ವೇದವತಿ ಹಟ ಹಿಡಿದು ಕರೆದುಕೊಂಡು ಹೋಗಿದ್ದಳು. ನಾನು ಸರ್ಕಾರಿ ಕಚೇರಿಯಲ್ಲಿ ಕಟ್ಟಡಗಳ ನಕ್ಷೆ ಬರೆಯುತ್ತಿದ್ದವನು. ಅಭ್ಯಾಸಬಲದಿಂದ ಉದ್ದಗಲ ಅಳೆದು ಬರೆದುಕೊಂಡೆ. ಅವಳು ತುಕ್ಕು ಹಿಡಿದ ಒಂದು ಲಿವರಿನ ಹಿಡಿಕೆಯನ್ನು ಸೆರಗಿನಿಂದ ಉಜ್ಜುತ್ತ ನಿಂತಿದ್ದಳು. "ಸೀರೆ ಹಾಳಾಗತ್ತೆ, ಬಾ," ಎಂದೆ.

ಮನೆಗೆ ಬಂದವಳೇ ಟ್ರಂಕಿನ ತಳದಿಂದ ಒಂದು ಡಬ್ಬಿ ತೆಗೆದಳು. ಅವಳಿಗೆ ಏಳು ತುಂಬಿದಾಗ ತಂದೆ ಕೊಡಿಸಿದ್ದ, ಮನೆ ಕಟ್ಟುವ ಆಟದ ಸಾಮಾನು. ಹಳದಿ ತಗಡಿನ ಗೋಡೆಗಳು, ಕೆಂಪು ಮಾಡು, ಹಸಿರು ಕಿಟಕಿಗಳು, ಚಿಕ್ಕ ಚಿಕ್ಕ ಸ್ಕ್ರೂಗಳು.

"ಇದರಲ್ಲಿ ಅಪ್ಪನ ಕ್ಯಾಬಿನ್ ಮಾಡಿಕೊಡ್ತೀರಾ? ಆಟದ ಮನೆ ಥರ ಬೇಡ. ನಿಜವಾಗಿ ಇದ್ದ ಹಾಗೆ."

"ನೋಡೋಣ," ಎಂದೆ.

ಆರು ವರ್ಷ 'ನೋಡೋಣ' ಎಂದೆ. ಆಮೇಲೆ ಅವಳು ಕೇಳುವುದನ್ನು ಬಿಟ್ಟಳು. ಆಮೇಲೆ ಅವಳೇ ಇರಲಿಲ್ಲ.

ಮೊದಲ ವರ್ಷದ ತಿಥಿಗೆ ಮೂರು ತಿಂಗಳಿದ್ದಾಗ ಡಬ್ಬಿಯನ್ನು ಮೇಜಿನ ಮೇಲಿಟ್ಟುಕೊಂಡು ಕುಳಿತೆ. ಬೆಳಗಿನ ಪೂಜೆ ಮುಗಿದರೆ ಹಗಲೆಲ್ಲ ಅದೇ ಕೆಲಸ. ದೇವರಲ್ಲಿ ಬೇರೇನೂ ಬೇಡಲಿಲ್ಲ. ತಿಥಿಯೊಳಗೆ ಇದೊಂದು ಮುಗಿಯಲಿ, ಆ ಕ್ಯಾಬಿನ್ನನ್ನು ಬಲ್ಲವರು ನೋಡಿ ಹೌದೆನ್ನಲಿ ಎಂದಷ್ಟೇ ಬೇಡಿದೆ.

ಆಟಿಕೆಯವರಿಗೆ ಅಳತೆಯ ಗೊಡವೆಯಿಲ್ಲ. ಒಂದಡಿಗೆ ಕಾಲಂಗುಲದ ಲೆಕ್ಕದಲ್ಲಿ ನೋಡಿದರೆ ಆ ಬಾಗಿಲಲ್ಲಿ ಆನೆ ನುಗ್ಗಬಹುದಿತ್ತು. ಬಾಗಿಲನ್ನು ಕತ್ತರಿಸಿ ಕುಗ್ಗಿಸಿದೆ. ಹಳದಿ ಬಣ್ಣ ಕೆರೆದು, ಗೋಡೆಗೆ ತೆಳ್ಳನೆಯ ಮರದ ಪಟ್ಟಿ ಅಂಟಿಸಿದೆ. ಮೆಟ್ಟಿಲಿಗೆ ಬೆಂಕಿಕಡ್ಡಿ. ಕಿಟಕಿಯ ಗಾಜಿಗೆ ಏನೂ ಸಿಗದೆ, ವೇದವತಿಯ ಎದೆಯ ಎಕ್ಸ್‌ರೇ ಹಾಳೆಯನ್ನು ಬಟ್ಟೆ ಒಗೆಯುವ ಸೋಡಾ ಬೆರೆಸಿದ ನೀರಿನಲ್ಲಿ ನೆನೆಸಿ ಉಜ್ಜಿದೆ. ಪಕ್ಕೆಲುಬುಗಳು ಒಂದೊಂದಾಗಿ ಕರಗಿ ಹೋಗಿ, ಹಾಳೆ ತಿಳಿಯಾಯಿತು. ಆ ದಿನ ಮತ್ತೆ ಕೆಲಸ ಮಾಡಲಾಗಲಿಲ್ಲ.

ಲಿವರುಗಳಿಗೆ ಅವಳ ಹೊಲಿಗೆ ಡಬ್ಬಿಯಿಂದ ಹನ್ನೊಂದು ಸೂಜಿ ತೆಗೆದುಕೊಂಡೆ. ಅವು ತೀರ ಮಿನುಗುತ್ತಿದ್ದವು. ನಾನು ಕಂಡದ್ದು ಹಾಗಿರಲಿಲ್ಲವಲ್ಲ. ರಂಗೋಲಿಯ ಕೆಮ್ಮಣ್ಣನ್ನು ಅಂಟಿನಲ್ಲಿ ಕಲಸಿ, ಒಂದೊಂದು ಹಿಡಿಕೆಗೂ ತುಕ್ಕು ಬರಿಸಿದೆ. ನಿಜದಂತೆಯೇ ಕಂಡಿತು. ಕಣ್ಣು ಉರಿಯುತ್ತಿತ್ತು, ಬೆನ್ನು ನೋಯುತ್ತಿತ್ತು. ಆದರೂ ಬಹುದಿನದ ಮೇಲೆ ಮನಸ್ಸಿಗೆ ಸ್ವಲ್ಪ ಸಮಾಧಾನವಾಯಿತು.

ತಿಥಿಯ ಹಿಂದಿನ ಮಧ್ಯಾಹ್ನ ವೇದವತಿಯ ಅಕ್ಕ ತುಂಗಕ್ಕ ಬಂದಳು. ಕ್ಯಾಬಿನ್ನನ್ನು ಬಲ್ಲವರಲ್ಲಿ ಉಳಿದವಳು ಅವಳೊಬ್ಬಳೇ. ಮೇಜಿನ ಮೇಲಿನ ಬಟ್ಟೆ ಸರಿಸಿದೆ.

"ಏನ್ ರಾಯರೇ, ಮದುವೇಲಿ ಪಟ್ಟದ ಗೊಂಬೆ ಕೊಟ್ಟಾಗ ಮುಟ್ಟಲಿಲ್ಲ, ಈಗ ಆಟಕ್ಕೆ ಕೂತಿದ್ದೀರಾ?" ಎಂದು ನಗುತ್ತ ಕನ್ನಡಕ ಹಾಕಿಕೊಂಡಳು. ಬಗ್ಗಿ ನೋಡಿದಳು. ನಗು ನಿಂತಿತು. "ಅಯ್ಯೋ, ಆ ಮೂರನೇ ಮೆಟ್ಟಿಲು! ಅಲ್ಲೇ ಕೂತು ಜಡೆ ಹಾಕ್ಕೋತಿದ್ವು ನಾವಿಬ್ರೂ." ಬೆರಳನ್ನು ಮುಟ್ಟಿಸದೆ ಗೋಡೆಯುದ್ದಕ್ಕೂ ಆಡಿಸಿದಳು. ಕಿಟಕಿಯಲ್ಲಿ ಇಣುಕಿದಳು. ಆಮೇಲೆ ಅವಳ ಮುಖ ಗಂಟಾಯಿತು.

"ಇದೇನಿದು ಕೆಂಪಗೆ?"

"ತುಕ್ಕು. ಇದ್ದ ಹಾಗೇ ಮಾಡಿದೀನಿ, ತುಂಗಕ್ಕ."

"ಯಾರು ಹೇಳಿದ್ದು ಇತ್ತು ಅಂತ? ನಮ್ಮಪ್ಪನ ಲಿವರಿಗೆ ತುಕ್ಕಾ? ಅವರು ಕೇಳಿದ್ರೆ ಅನ್ನ ಬಿಡ್ತಿದ್ರು!" ಅವಳು ಕನ್ನಡಕ ತೆಗೆದಳು. "ಕೈಯಲ್ಲೊಂದು ಬಟ್ಟೆ ಇಲ್ಲದೆ ಅವರು ಹಿಡಿಕೆ ಮುಟ್ಟಿದವರೇ ಅಲ್ಲ. ಬೆವರು ತಾಗಿದ್ರೆ ಉಕ್ಕು ಕೆಡತ್ತೆ ಅಂತ ಅವರ ಕೆಲಸದೋರೆಲ್ಲ ಹಾಗೇ. ದೇವರ ಮನೆ ದೀಪದ ಹಾಗೆ ಹೊಳೀತಿತ್ತು ಹನ್ನೊಂದೂ. ನಾವು ಬರಿಗೈಯಲ್ಲಿ ಮುಟ್ಟಿದ್ರೆ, 'ಕೈಯಲ್ಲಿ ಉಪ್ಪಿದೆ ಮಕ್ಕಳೇ' ಅಂತ ಗದರೋರು."

ನಾನು ಕುರ್ಚಿಯಲ್ಲಿ ಕುಳಿತೆ.

"ವೇದ ಅಂತೂ ಅದನ್ನೇ ಕಲ್ತುಬಿಟ್ಲು," ತುಂಗಕ್ಕ ತನ್ನ ಪಾಡಿಗೆ ಹೇಳುತ್ತಿದ್ದಳು. "ತನ್ನದು ಅನ್ನೋ ಕಬ್ಬಿಣ ಯಾವುದೇ ಇರ್ಲಿ, ಸೆರಗಿಲ್ಲದೆ ಮುಟ್ಟೋಳಲ್ಲ. ನನ್ನ ಮನೆಗೆ ಬಂದಾಗ ದಡದಡ ಅಂತ ಬರಿಗೈಲೇ ಬಾಗಿಲು ಹಾಕೋಳು, ಹುಡುಗಿ. 'ನಂದೇನು ಹೋಗತ್ತೆ, ನಿನ್ನ ಚಿಲಕ' ಅನ್ನೋಳು!"

ಅವಳು ನಕ್ಕಳು. ನನ್ನ ಮುಖ ನೋಡಿ, "ಯಾಕೆ ರಾಯರೇ, ಬೇಜಾರಾಯ್ತಾ? ತುಕ್ಕೊಂದು ಬಿಟ್ರೆ ಎಲ್ಲಾ ಸರಿಯಾಗೇ ಇದೆ," ಎಂದಳು.

"ಇಲ್ಲ," ಎಂದೆ. "ಕಾಫಿ ಕುಡಿ."

ಸಂಜೆಯ ದೀಪ ಹಚ್ಚುವ ಹೊತ್ತಿನವರೆಗೆ, ಹತ್ತಿಯನ್ನು ಬಿಸಿನೀರಿನಲ್ಲಿ ಅದ್ದಿ ಆ ಹಿಡಿಕೆಗಳನ್ನು ಒರೆಸಿದೆ. ಕೆಮ್ಮಣ್ಣು ಕರಗಿ ಇಳಿದು, ಒಳಗಿನ ಉಕ್ಕು ಒಂದೊಂದಾಗಿ ಹೊರಬಂತು. ಅವಳ ಹಳೆಯ ಸೀರೆಯ ಸೆರಗಿನಿಂದ ಉಗುರಿನಷ್ಟು ಚೂರು ಕತ್ತರಿಸಿ ಕೊನೆಯ ಲಿವರಿನ ಮೇಲೆ ಹಾಕಿದೆ. ತುಂಗಕ್ಕ ನೋಡಿ, "ಹೂಂ. ಈಗ ಅಪ್ಪ ಬಂದು ನಿಲ್ಲಬಹುದು," ಎಂದಳು. ಕ್ಯಾಬಿನ್ನನ್ನು ವೇದವತಿಯ ಪಟದ ಮುಂದೆ ಇಟ್ಟೆವು.

ಮರುದಿನ ಬೆಳಿಗ್ಗೆ ಸ್ನಾನ ಮುಗಿಸಿ ಮಡಿಯುಟ್ಟಿದ್ದೆ. ಪುರೋಹಿತರು ಬಾಗಿಲು ತಟ್ಟಿದರು. ಚಿಲಕಕ್ಕೆ ಕೈಯಿಟ್ಟವನು ಹಿಂದೆಗೆದೆ. ಹೆಗಲ ಮೇಲಿನ ವಸ್ತ್ರದ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಎಳೆದೆ. ಬಾಗಿಲು ತೆರೆಯಿತು, ಬಿಳಿಯ ವಸ್ತ್ರದ ಮೇಲೆ ತುಕ್ಕು ಕೆಂಪಗೆ ಮೂಡಿತ್ತು. ಪುರೋಹಿತರು ಹೊಸ್ತಿಲಾಚೆ ಕಾದು ನಿಂತಿದ್ದರು. ನಾನು ಚಿಲಕವನ್ನು ಇನ್ನೊಮ್ಮೆ ಒರೆಸಿದೆ.