ಹತ್ತು ಹೊಡೆತ ಸಾಕು

ಏಳನೇ ನಂಬರಿನ ಐರನ್ ಎಂಬ ಗಾಲ್ಫ್ ಕೋಲಿನ ಮುಖಕ್ಕೆ ಸಿಂಪಡಿಸಿದ್ದ ಬಿಳಿ ಪುಡಿಯನ್ನು ಅಂಗಡಿಯವನು ದೀಪದ ಕೆಳಗೆ ಹಿಡಿದು ನೋಡಿದ. ಚೆಂಡು ತಾಗಿದ ಗುರುತು ನಟ್ಟನಡುವೆ, ಕೋಟಿನ ಗುಂಡಿಯಷ್ಟಗಲ ಇತ್ತು. ಐದು ಹೊಡೆತಗಳೂ ಒಂದರ ಮೇಲೊಂದು ಅಲ್ಲೇ ಬಿದ್ದಿದ್ದವು.

"ಈ ಹಳೇ ಕೋಲಲ್ಲೇ ಇಷ್ಟು ಚೆನ್ನಾಗಿ ಹೊಡೀತೀರಲ್ಲ ಸರ್. ಹೊಸದು ಯಾಕೆ?"

"ಹೊಡೆತ ಜಾಸ್ತಿ ಆಗ್ತಿದೆಯಂತೆ," ಎಂದ ಸರ್ವೆಯರ್, ಕೈಗವಸು ಬಿಗಿ ಮಾಡಿಕೊಳ್ಳುತ್ತ. "ನನಗೇನೂ ಹಾಗೆ ಕಾಣ್ಲಿಲ್ಲ. ನೋಡಿದವರು ಹೇಳ್ತಾರೆ. ಕೋಲಿಗೂ ವಯಸ್ಸಾಯ್ತಲ್ಲ."

ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಅವನ ಹೆಂಡತಿ ಚೀಲದ ಜಿಪ್ಪನ್ನು ತೆಗೆದು ಮತ್ತೆ ಹಾಕಿದಳು.

ಹೊಡೆತ ಜಾಸ್ತಿ ಎಂದು ಹೇಳಿದವನು ಗೆಳೆಯ ದಂತವೈದ್ಯ. ಇಪ್ಪತ್ತಾರು ವರ್ಷಗಳಿಂದ ಪ್ರತಿ ಭಾನುವಾರ ಬೆಳಿಗ್ಗೆ ಅವನೂ ಗಂಡನೂ ಜೊತೆಯಾಗಿ ಆಡುತ್ತ ಬಂದವರು. ಮೂರು ವಾರದ ಹಿಂದೆ, ಕಡಿಮೆ ಹೊಡೆತದವನೇ ಗೆಲ್ಲುವ ಆ ಆಟದಲ್ಲಿ, ಗಂಡ ಚೆಂಡನ್ನು ಒಂದು ಗುಳಿಯೊಳಕ್ಕೆ ಬೀಳಿಸಲು ಎಂಟು ಹೊಡೆತ ಹೊಡೆದು ಲೆಕ್ಕದ ಚೀಟಿಯಲ್ಲಿ ಐದು ಎಂದು ಬರೆಸಿದನಂತೆ. ಆ ಬೆಳಿಗ್ಗೆ ಅದು ಮೂರನೇ ಸಲ. ದಂತವೈದ್ಯ ಉಳಿದವರ ಎದುರಿಗೇ "ಕಳ್ಳ ಕಣೋ ನೀನು" ಎಂದುಬಿಟ್ಟ. ಗಂಡ ಆಟವನ್ನು ಅರ್ಧಕ್ಕೆ ಬಿಟ್ಟು, ಕೋಲಿನ ಚೀಲ ಹೆಗಲಿಗೆ ಹಾಕಿಕೊಂಡು, ನಡೆದೇ ಮನೆಗೆ ಬಂದಿದ್ದ.

ನಲವತ್ತು ವರ್ಷ ಊರವರ ಜಮೀನು ಅಳೆದವನು ಅವನು. ಗಡಿಗಾಗಿ ಕೈಕೈ ಮಿಲಾಯಿಸುತ್ತಿದ್ದ ಅಣ್ಣತಮ್ಮಂದಿರು ಕೂಡ ಅವನು ಕಲ್ಲು ನೆಟ್ಟ ಮೇಲೆ ತೆಪ್ಪಗಾಗುತ್ತಿದ್ದರು. ಕಳ್ಳ ಎಂಬ ಆ ಒಂದು ಮಾತು ಅವನ ಗಂಟಲಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತ್ತು. ತಟ್ಟೆಯ ಮುಂದೆ ಕೂತಾಗಲೂ ಅದೇ, ಹಲ್ಲುಜ್ಜುವಾಗಲೂ ಅದೇ. "ನಾನು ಸುಳ್ಳು ಹೇಳಿಲ್ಲ ಕಣೇ." ಅವಳಿಗೂ ಅದು ಗೊತ್ತಿತ್ತು. ದಂತವೈದ್ಯ ಸುಳ್ಳು ಹೇಳುವವನಲ್ಲ ಎನ್ನುವುದೂ ಗೊತ್ತಿತ್ತು. ಇಬ್ಬರನ್ನೂ ಬಿಟ್ಟು ದೂರುವುದಕ್ಕೆ ಉಳಿದದ್ದು ಕೋಲು ಮಾತ್ರ. ಹೊಸದು ನೋಡೋಣ ಎಂದು ಅಂಗಡಿಗೆ ಫೋನು ಮಾಡಿದವಳು ಅವಳೇ.

ಅಂಗಡಿಯವನು ಹೊಸ ಐರನ್ ತಂದ. ಹಳೆಯದು ಬೆಣ್ಣೆ ಸವರುವ ಚಾಕುವಿನಂತೆ ತೆಳ್ಳಗಿದ್ದರೆ ಇದರ ಬೆನ್ನು ಉಬ್ಬಿಕೊಂಡಿತ್ತು, ಅಡಿ ಅಗಲವಾಗಿತ್ತು.

"ಬಾತುಕೋಳಿ ಹಾಗಿದೆಯಲ್ಲಯ್ಯ," ಎಂದ ಗಂಡ.

ಅಂಗಡಿಯವನು ನಕ್ಕ. "ನೋಡೋಕೆ ಹಾಗೇ ಸರ್. ಆದ್ರೆ ಗುಣ ದೊಡ್ಡದು. ಚೆಂಡು ನಡುವೆ ತಾಗದೆ ಅಂಚಿಗೆ ತಾಗಿದ್ರೂ ದಾರಿ ತಪ್ಪಲ್ಲ, ದೂರಾನೂ ಅಷ್ಟಾಗಿ ಕಮ್ಮಿ ಆಗಲ್ಲ. ನಮ್ಮ ತಪ್ಪನ್ನೆಲ್ಲ ಹೊಟ್ಟೆಗೆ ಹಾಕ್ಕೊಳ್ಳುತ್ತೆ."

"ಅದು ಸರಿಯಲ್ಲವಲ್ಲ. ತಪ್ಪು ಹೊಡೆದ್ರೆ ಕೈಗೆ ಗೊತ್ತಾಗ್ಬೇಕು. ಗೊತ್ತಾಗದಿದ್ರೆ ತಿದ್ದಿಕೊಳ್ಳೋದು ಹೇಗೆ?"

"ಹೊಡೆದು ನೋಡಿ ಸರ್. ಹತ್ತು ಹೊಡೆತ ಸಾಕು. ಆಮೇಲೆ ಎರಡನ್ನೂ ಹೋಲಿಸೋಣ."

ಗಂಡ ಹಸಿರು ಚಾಪೆಯ ಮೇಲೆ ಕಾಲೂರಿ ನಿಂತ. ಕೋಲು ಮೇಲೆದ್ದು ಇಳಿಯಿತು. ಚೆಂಡು ಎದುರಿನ ಬಲೆಗೆ ಬಡಿದು ಧೊಪ್ಪೆಂದು ಬಿತ್ತು. ಪಕ್ಕದ ಪರದೆಯಲ್ಲಿ ಚೆಂಡಿನ ವೇಗ, ದೂರ, ಮೂಲೆಯಲ್ಲಿ ಹೊಡೆತದ ಸಂಖ್ಯೆ ಮೂಡಿದವು. ಅವಳು ಇಷ್ಟು ವರ್ಷಗಳಲ್ಲಿ ಗಂಡನ ಆಟವನ್ನು ಇಷ್ಟು ಹತ್ತಿರದಿಂದ ನೋಡಿದವಳಲ್ಲ. ಎಪ್ಪತ್ತರ ಹತ್ತಿರದ ಆ ಸೊಂಟ ಎಷ್ಟು ಸಲೀಸಾಗಿ ತಿರುಗುತ್ತಿತ್ತು. ತನಗೆ ಗೊತ್ತಿಲ್ಲದ ಯಾರನ್ನೋ ನೋಡಿದ ಹಾಗಾಗಿ ಅವಳಿಗೆ ಸ್ವಲ್ಪ ನಾಚಿಕೆಯೂ ಆಯಿತು. ಸ್ವೆಟರ್ ಹೆಣೆಯುವಾಗ ಕುಣಿಕೆ ಎಣಿಸಿ ಅಭ್ಯಾಸವಿದ್ದ ಅವಳು ಸುಮ್ಮನೆ ಎಣಿಸುತ್ತ ಕೂತಳು.

ಏಳನೇ ಹೊಡೆತದ ನಂತರ ಅವನು ನಿಂತು ಹಣೆ ಒರೆಸಿಕೊಂಡ. "ಎರಡಾಯ್ತು," ಎಂದ.

ತಮಾಷೆ ಎಂದುಕೊಂಡ ಅಂಗಡಿಯವನು ನಕ್ಕ. ಅವಳೂ ನಕ್ಕಳು. ಗಂಡ ನಗದೆ ಮತ್ತೆ ಚೆಂಡಿಡತೊಡಗಿದ. ಎಂಟು, ಒಂಬತ್ತು, ಹತ್ತು. ಹನ್ನೊಂದು. ಹನ್ನೆರಡು.

"ಸಾಕು ಸರ್, ಹನ್ನೆರಡಾಯ್ತು."

"ಎಲ್ಲಿ ಹನ್ನೆರಡು? ಹೊಡೆದದ್ದು ನಾಲ್ಕಲ್ವಾ." ಅವನ ದನಿಯಲ್ಲಿ ಜಗಳವಿರಲಿಲ್ಲ. ಜಮೀನಿನ ನಡುವೆ ಸರಪಳಿ ಹಿಡಿದು ನಿಂತು ಅಳತೆ ಹೇಳುವವನ ಹಾಗೆ ಹೇಳಿದ್ದ. ಆಮೇಲೆ ಹೆಂಡತಿಯ ಕಡೆ ತಿರುಗಿದ. "ನೀನೇ ಹೇಳು. ನಾಲ್ಕು ತಾನೆ?"

"ನಾನು ಆ ಕಡೆ ನೋಡ್ಲಿಲ್ಲ ರೀ," ಎಂದಳು.

ಅಂಗಡಿಯವನು ಅವಳ ಮುಖ ನೋಡಿದ. ಕೈ ಚಾಚಿ ಪರದೆಯನ್ನು ಆರಿಸಿದ. "ಮೆಷಿನ್ನು ಆಗಾಗ ಹೀಗೇ ಸರ್, ತಪ್ಪು ತೋರಿಸುತ್ತೆ. ನಾಲ್ಕೇ ಇರ್ಬೇಕು."

ಗಂಡ ಕೈ ತೊಳೆಯಲು ಹೋದಾಗ ಅಂಗಡಿಯವನು ಅವಳ ಕುರ್ಚಿಯ ಹತ್ತಿರ ಬಂದು ನಿಂತ. ಹೊಸ ಕೋಲಿನ ಪುಡಿಯನ್ನು ಬಟ್ಟೆಯಿಂದ ಒರೆಸಿದ. "ಅಮ್ಮ, ಅವರ ಕೈಯಲ್ಲಿ ಏನೂ ದೋಷ ಇಲ್ಲ. ಕೋಲಲ್ಲೂ ಇಲ್ಲ. ನಾನು ಹೇಳ್ಬಾರದು, ಆದ್ರೂ... ಒಂದ್ಸಲ ಡಾಕ್ಟರಿಗೆ ತೋರಿಸಿ. ನಮ್ಮ ದೊಡ್ಡಪ್ಪನಿಗೂ ಹೀಗೇ ಶುರುವಾದದ್ದು."

ಗ್ಯಾಸ್ ಆರಿಸಿದೆಯಾ ಎಂದು ಗಂಡ ಅರ್ಧ ಗಂಟೆಯಲ್ಲಿ ಮೂರು ಸಲ ಕೇಳಿದ್ದು, ಔಷಧಿ ಅಂಗಡಿಗೆ ಹೋದವನು ರಸ್ತೆ ಅಗೆದಿದ್ದಾರೆ ಎಂದು ಬರಿಗೈಯಲ್ಲಿ ಬಂದದ್ದು, ಮರುದಿನ ಅವಳೇ ಹೋದಾಗ ರಸ್ತೆ ಎಲ್ಲೂ ಅಗೆದಿರದೆ ಇದ್ದದ್ದು. ಒಂದೊಂದಕ್ಕೂ ಅವಳು ಏನೋ ಒಂದು ನೆಪ ಹುಡುಕಿ ಮುಚ್ಚಿಟ್ಟಿದ್ದಳು. ಈಗ ಎಲ್ಲವೂ ಒಟ್ಟಿಗೆ ಎದ್ದು ನಿಂತವು.

ಕಾರು ಮನೆಯ ತಿರುವಿಗೆ ಬಂದಾಗ ಗಂಡ ಹೇಳಿದ, "ಇನ್ನೊಂದು ದಿನ ಹೋಗಿ ಆ ಹೊಸ ಕೋಲು ನೋಡಿ ಬರೋಣ. ಹಳೇದು ಯಾಕೋ ಸರಿ ಇಲ್ಲ." ಅವನ ಪ್ಯಾಂಟಿನ ಮೊಣಕಾಲಿಗೆ ಬಿಳಿ ಪುಡಿ ಅಂಟಿತ್ತು.

"ಹೋಗೋಣ," ಎಂದಳು.

ಅವನನ್ನು ತೋರಿಸಿದಾಗ ಡಾಕ್ಟರು ಆ ಮರೆವಿಗೊಂದು ಹೆಸರು ಹೇಳಿದರು, ಇನ್ನು ಮುಂದೆ ಹೀಗೇ ಎಂದೂ ಹೇಳಿದರು. ಅವತ್ತೇ ಸಂಜೆ ಅವಳು ಹಿತ್ತಲಿಗೆ ಹೋಗಿ ದಂತವೈದ್ಯನಿಗೆ ಫೋನು ಮಾಡಿದಳು. ಎಲ್ಲವನ್ನೂ ಹೇಳಿದಳು.

"ನಾಲ್ಕು ಜನರ ಮುಂದೆ ಕಳ್ಳ ಅಂದೆ ಅತ್ತಿಗೆ," ಎಂದ ಅವನು. "ಇಪ್ಪತ್ತಾರು ವರ್ಷ ನೋಡಿದವನು ನಾನು. ನನಗೆ ಅಷ್ಟೂ ತಿಳೀಲಿಲ್ಲ."

ಭಾನುವಾರ ಬೆಳಿಗ್ಗೆ ಅವನು ಮನೆಗೆ ಬಂದ. ಗಂಡ ಎದ್ದು ಒಳಗೆ ಹೋಗಲು ನೋಡಿದಾಗ ಅವನ ಎರಡೂ ಕೈ ಹಿಡಿದು, ನಾನು ಆಡಿದ್ದು ತಪ್ಪು ಕಣೋ, ನೀನು ಕಳ್ಳನಲ್ಲ, ಎಣಿಸಿದ್ದರಲ್ಲಿ ನಾನೇ ಎಡವಿದೆ ಎಂದ. ಗಂಡ ಕಿಟಕಿಯ ಕಡೆ ನೋಡುತ್ತ ನಿಂತ. "ಹೋಗ್ಲಿ ಬಿಡು," ಎಂದ. ಅವತ್ತು ಇಬ್ಬರೂ ಆಡಲು ಹೋದರು. ಮಧ್ಯಾಹ್ನ ಗಂಡ ಎರಡು ಸಲ ಬಡಿಸಿಕೊಂಡು ಊಟ ಮಾಡಿದ. ಅವಳು ಸಿಂಕಿನ ಮುಂದೆ ನಿಂತು, ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತಳು. ಅದು ಸಮಾಧಾನದ ಅಳು ಎಂದೇ ಅವಳು ಅಂದುಕೊಂಡಿದ್ದಳು.

ಮಂಗಳವಾರ ಹಲ್ಲುಜ್ಜುತ್ತಿದ್ದವನು ಬಾಯಲ್ಲಿ ನೊರೆ ಇಟ್ಟುಕೊಂಡೇ ಹೊರಗೆ ಬಂದ. "ಅವನು ನನ್ನ ಕಳ್ಳ ಅಂದ ಕಣೇ. ಎಲ್ಲರ ಎದುರಿಗೆ."

"ಅವರು ಬಂದು ತಪ್ಪಾಯ್ತು ಅಂದ್ರಲ್ಲ ರೀ. ಭಾನುವಾರ. ಒಟ್ಟಿಗೆ ಆಡಿದ್ರಿ."

"ಯಾವಾಗ ಬಂದಿದ್ದ? ಅವನು ನಮ್ಮ ಮನೆ ಮೆಟ್ಟಿಲು ಹತ್ತಿಲ್ಲ." ಎಂಟು ಹೊಡೆದದ್ದನ್ನು ಮರೆತವನು, ಕೈ ಹಿಡಿದು ಕ್ಷಮೆ ಕೇಳಿದ್ದನ್ನೂ ಮರೆತಿದ್ದ. ಆ ಒಂದು ಮಾತು ಮಾತ್ರ ಹೊಸದಾಗಿ ನೆಟ್ಟ ಗಡಿಕಲ್ಲಿನಂತೆ ನಿಂತಿತ್ತು.

ಅವಳು ದಂತವೈದ್ಯನಿಗೆ ಇದನ್ನು ಹೇಳಬಾರದೆಂದೇ ಇದ್ದಳು. ಮುಂದಿನ ಭಾನುವಾರ ಅವನು ಬಂದಾಗ ಗಂಡ ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡ. ಹೇಳದೆ ವಿಧಿಯಿರಲಿಲ್ಲ. ದಂತವೈದ್ಯ ಹೊಸ್ತಿಲ ಆಚೆ ನಿಂತು ಎಲ್ಲವನ್ನೂ ಕೇಳಿಸಿಕೊಂಡ. "ಆಗ್ಲಿ," ಎಂದಷ್ಟೇ ಹೇಳಿ ಒಳಗೆ ಬಂದು ಕೋಣೆಯ ಬಾಗಿಲು ತಟ್ಟಿದ. ಕಳೆದ ವಾರ ಹೇಳಿದ್ದನ್ನು ಮೊದಲಿಂದ ಹೇಳಿದ. ಈ ಸಲ ಮಾತಿಗಾಗಿ ತಡವರಿಸಬೇಕಾಗಲಿಲ್ಲ. ಆದರೆ ಕೊನೆಯಲ್ಲಿ ಅವನ ದನಿ ಒಡೆಯಿತು.

ಅವನು ಹೀಗೆ ಕ್ಷಮೆ ಕೇಳಲು ಬರುತ್ತಿರುವ ಐದನೇ ಭಾನುವಾರ ಇದು. ಬಿಸಿಲು ಇನ್ನೂ ಗೋಡೆಯಿಂದ ಇಳಿದಿರಲಿಲ್ಲ. ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಪಡಸಾಲೆಯಲ್ಲಿ ದಂತವೈದ್ಯ ಟೋಪಿ ತೆಗೆದು ಎದೆಗೆ ಹಿಡಿದುಕೊಂಡು, ಗಂಡನ ಮುಂದೆ ನಿಂತು ಹೇಳಬೇಕಾದದ್ದನ್ನೆಲ್ಲ ಹೇಳಿ ಮುಗಿಸಿದ.

ಗಂಡ ಅವನನ್ನೇ ನೋಡಿದ. ಎದ್ದು ಹೆಗಲ ಮೇಲೆ ಕೈಯಿಟ್ಟ.

"ಅಷ್ಟಕ್ಕೆ ಇಷ್ಟು ದಿನ ಈ ಕಡೆ ಬರ್ಲಿಲ್ವೇನೋ?"

ದಂತವೈದ್ಯ ತಲೆಯಾಡಿಸಿದ. ಗಂಡ ಷೂ ಹಾಕಿಕೊಳ್ಳಲು ಬೆಂಚಿನ ಮೇಲೆ ಕೂತು, ಒಂದು ಕಾಲಿಗೆ ಹಾಕಿ, ಇನ್ನೊಂದನ್ನು ಕೈಯಲ್ಲಿ ಹಿಡಿದು ನೋಡುತ್ತ ಕೂತ. ದಂತವೈದ್ಯ ಟೋಪಿಯನ್ನು ಬೆಂಚಿನ ಮೇಲಿಟ್ಟು, ನೆಲಕ್ಕೆ ಮಂಡಿಯೂರಿ, ಲೇಸು ಸಡಿಲಿಸಿ ಕೊಟ್ಟ.