ಕೆಂಚನ ಅಪ್ಪ

"ನಿಂಗೆ ಬಿಸಿಲು ಆಗಿಬರಲ್ಲ, ಮನೇಲಿರು" ಎಂದು ಹೇಳಿ ಅವಳ ಗಂಡ, ವಾಚ್ ರಿಪೇರಿಯವನು, ಬೇಸಿಗೆ ಬಂತೆಂದರೆ ದಿನಾ ಸಂಜೆ ಮನೆಯ ನಾಯಿ ಕೆಂಚನನ್ನು ಕರೆದುಕೊಂಡು ನಾಯಿಗಳನ್ನು ಬಿಚ್ಚಿಬಿಡುವ ಪಾರ್ಕಿಗೆ ಹೊರಟುಬಿಡುತ್ತಿದ್ದ. ಮನೆಯಲ್ಲಿ ಅವನ ಬಾಯಿಂದ ನಾಲ್ಕು ಮಾತು ಹೊರಟರೆ ಹೆಚ್ಚು. ಹೊಲಿಗೆ ಮಿಷನ್ನಿನ ಮುಂದೆ ಕೂತ ಅವಳು, ಇಷ್ಟಾದರೂ ಕಾಳಜಿ ಇದೆಯಲ್ಲ ಎಂದು ಅಷ್ಟಕ್ಕೇ ಹಿಗ್ಗುತ್ತಿದ್ದಳು.

ಅವನು ತೀರಿಕೊಂಡ ಮೇಲೂ ಸಂಜೆಯಾದರೆ ಸಾಕು, ಕೆಂಚ ಬಾಗಿಲು ಕೆರೆಯುತ್ತಿದ್ದ. ಬೈದಳು, ಗದರಿದಳು, ಕೊನೆಗೆ ಕೆಂಚನ ಕೊರಳಿಗೆ ಬೆಲ್ಟ್ ಹಾಕಿ ತಾನೇ ಹೊರಟಳು.

ಪಾರ್ಕಿನ ಹುಲ್ಲೆಲ್ಲ ಬಿಸಿಲಿಗೆ ಸುಟ್ಟುಹೋಗಿತ್ತು. ಬೆಲ್ಟ್ ಬಿಚ್ಚಿದ್ದೇ ತಡ, ಕೆಂಚ ಓಡಿಹೋಗಿ ನೀರಿನ ತೊಟ್ಟಿಯ ಪಕ್ಕದ ಬೆಂಚಿನ ಕೆಳಗೆ ಮಲಗಿಬಿಟ್ಟ. ಬೆಂಚಿನಲ್ಲಿದ್ದವರಿಗೆ ಅವಳು ಗಂಡನ ಹೆಸರು ಹೇಳಿ, ಹೋಗಿಬಿಟ್ಟರು ಎಂದಳು. ಅವರು ಮುಖ ಮುಖ ನೋಡಿಕೊಂಡರು. ಅಲ್ಲಿ ಮನುಷ್ಯರಿಗೆ ಅವರವರ ನಾಯಿಯ ಹೆಸರೇ ಗತಿ.

ಅವಳು ಬೆಂಚಿನ ಕೆಳಗೆ ಕೈ ತೋರಿಸಿದಳು.

"ಅಯ್ಯೋ, ಕೆಂಚನ ಅಪ್ಪ ಹೋಗ್ಬಿಟ್ರಾ?" ಎಂದು ನರ್ಸ್ ಒಬ್ಬಳು ಕಣ್ಣೊರೆಸಿಕೊಂಡಳು. "ಎಷ್ಟು ನಗಿಸ್ತಿದ್ರು ನಮ್ಮನ್ನೆಲ್ಲ. ಹೆಂಡ್ತಿ ಸತ್ತ ಮೇಲೆ ಈ ನಾಯಿ ಬಿಟ್ರೆ ನಂಗೆ ಯಾರೂ ಇಲ್ಲ ಅಂತಿದ್ರು, ಪಾಪ. ನೀವು ಅವ್ರಿಗೆ ಏನಾಗ್ಬೇಕು?"

ಅವಳು ಬೆಲ್ಟನ್ನು ಕೈಗೆ ಸುತ್ತಿಕೊಂಡಳು.

"ಅವ್ರ ಬಟ್ಟೆ ನಾನೇ ಹೊಲೀತಿದ್ದೆ" ಎಂದಳು.